ಎಂಬತ್ತೇಳರಲ್ಲೊಂದು ಪಾಲು

ಆರು ಡಾಲರಿಗೆ ತಂದ ಲಾರಿ.
ಕೆಂಪು ಬಣ್ಣ, ಮಗ್ಗುಲಿಗೆ ಯಾವುದೋ ಸೋಡಾ ಕಂಪನಿಯ ಹೆಸರು.
ನಡುಬೆರಳಿನಷ್ಟುದ್ದ, ಆದರೂ ಅಂಗೈಗೆ ಭಾರ.
ಎರಕದ ಲೋಹ ಕಣೇ, ಪ್ಲಾಸ್ಟಿಕ್ಕಲ್ಲ, ಎಂದ ಐನಾರ್,
ಹಲ್ಲು ನೋಡಿ ಹಸು ಕೊಂಡವನ ಗತ್ತಿನಲ್ಲಿ.

ನೆಲಮಾಳಿಗೆಯಲ್ಲಿ ಇವನದೊಂದು ಊರಿದೆ:
ಪ್ಲೈವುಡ್ಡಿನ ಮೇಲೆ ನಮ್ಮದೇ ಹ್ಯಾನ್‌ಕಾಕ್,
ಐವತ್ತೆರಡನೇ ಇಸವಿಯ ಫೆಬ್ರವರಿ.
ಮಿಷಿಗನ್ನಿನ ಹಿಮಕ್ಕೆ ಅಡುಗೆ ಸೋಡಾ,
ತಾಮ್ರದ ಗಣಿಯ ಗೋಪುರಕ್ಕೆ ಐಸ್‌ಕ್ರೀಂ ಕಡ್ಡಿ,
ಎಲ್ಲವೂ ಎಂಬತ್ತೇಳರಲ್ಲೊಂದು ಪಾಲು.
ಬೇಕರಿ ಲಾರಿ ಒಂದಿರಲಿಲ್ಲ, ಅಷ್ಟೆ.
ಅದನ್ನು ಹನ್ನೊಂದು ಚಳಿಗಾಲ ಓಡಿಸಿದವಳು ನಾನು;
ಅದಕ್ಕೇ ಇವತ್ತು ಸಾಕ್ಷಿಗೆ ಕರೆಸಿದ್ದಾನೆ.

ತಳದ ಎರಡು ರಿವೆಟ್ಟಿಗೆ ಡ್ರಿಲ್ ಇಟ್ಟು ಬಿಚ್ಚಿದ.
ಹಳೆಯ ಉಪ್ಪಿನಕಾಯಿ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಯಿತು.
ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ
ಕೆಂಪು ಸಿಪ್ಪೆ ಎದ್ದು, ಒಳಗಿಂದ ಬೂದು ಲೋಹ,
ಆಗಷ್ಟೇ ಮಿಂದ ಕೂಸಿನ ಹಾಗೆ, ಹೆಸರಿಲ್ಲದ್ದು.

“ಲೆಂಪಿ, ಯಾವ ಹಳದಿ?”
ಬೆಣ್ಣೆಯ ಹಳದಿ.
“ಬೇಸಿಗೆಯ ಬೆಣ್ಣೆಯೋ, ಚಳಿಗಾಲದ್ದೋ?”
ನಲವತ್ತು ವರ್ಷದಲ್ಲಿ ಇವನು ನನ್ನನ್ನು ಕೇಳಿದ
ಒಳ್ಳೆಯ ಪ್ರಶ್ನೆ ಇದೊಂದೇ ಇರಬೇಕು.
ಚಳಿಗಾಲದ್ದು, ಎಂದೆ. ಹಸು ಒಣಹುಲ್ಲು ತಿನ್ನುವ ದಿನಗಳದ್ದು.
ನಾಲ್ಕು ಸಲ ಬಣ್ಣ ಬೆರೆಸಿದ.

ಅಕ್ಷರಗಳನ್ನು ನೀರಿನಲ್ಲಿ ತೇಲಿಸಿ, ಚಿಮುಟದಲ್ಲಿ ಎತ್ತಿ
ಬಾಗಿಲಿಗೆ ಕೂರಿಸಿದ: ಕೊಸ್ಕೆಲಾ ಬೇಕರಿ.
ಭೂತಗನ್ನಡಿಯಲ್ಲಿ ಓದಿದೆ. ಏಲಕ್ಕಿ ವಾಸನೆ ಬಂತು,
ನಸುಕಿನಲ್ಲಿ ಜಡೆಯ ಹಾಗೆ ಹೆಣೆದ ಬ್ರೆಡ್ಡಿನದು,
ಒದ್ದೆ ಕೈಗವಸಿನದು, ಪೆಟ್ರೋಲಿನದು.
ವಾಸನೆಯನ್ನು ಎಂಬತ್ತೇಳರಿಂದ ಭಾಗಿಸಲು ಬರುವುದಿಲ್ಲ.

ಇಷ್ಟು ಚೊಕ್ಕ ಯಾವತ್ತೂ ಇರಲಿಲ್ಲ, ಎಂದೆ.
ಎಡಗಡೆ ಮಡ್‌ಗಾರ್ಡು ತಗ್ಗಿತ್ತು, ಅಂಚೆ ಕಚೇರಿಯ ಕಂಬ ತಾಗಿ.
“ನೀನು ಹೇಳಲೇ ಇಲ್ಲ?”
ಮಾಲೀಕರಿಗೂ ಹೇಳಿಲ್ಲ.
ಅರವನ್ನು ನನ್ನ ಕೈಗಿತ್ತ. ನಾನೇ ಉಜ್ಜಿದೆ.

ಕೂರಿಸಲು ಜಾಗ ಸಾಲದೆ
ಚಾಲಕಿ ಬೊಂಬೆಯ ಕಾಲನ್ನು ಮಂಡಿಯಿಂದ ಕತ್ತರಿಸಿದ.
“ಕ್ಷಮಿಸು” ಎಂದ, ಬೊಂಬೆಗೋ ನನಗೋ.
ತಲೆಗೊಂದು ಹಸಿರು ವಸ್ತ್ರ ಬರೆದ.
ಅದನ್ನು ನಾನು ಹೇಳಿರಲಿಲ್ಲ.

ಆಮೇಲೆ ಲಾರಿ ಒಯ್ದು ಇಟ್ಟದ್ದೆಲ್ಲಿ?
ರೈಲ್ವೆ ಗೇಟಿನ ಹಿಂದೆ! ಗೇಟು ಇಳಿದಿದೆ,
ಅದಿರಿನ ಗಾಡಿ ಬರುತ್ತಿದೆ, ನಾನು ವಿಧೇಯಳಾಗಿ ಕಾಯುತ್ತಿದ್ದೇನೆ.

ಅಲ್ಲಿ ಗೇಟೇ ಇರಲಿಲ್ಲ, ಗಂಟೆ ಮಾತ್ರ.
ಕಾದವಳೂ ಅಲ್ಲ ನಾನು. ಬ್ರೆಡ್ಡು ಆರುತ್ತಿತ್ತು,
ಎಂಜಿನ್ನಿನ ಮೂಗಿನ ಮುಂದೆಯೇ ದಾಟಿದೆ.
ಸೀಟಿ ಊರಾಚೆವರೆಗೂ ಬೈಯಿತು.
ಮಧ್ಯಾಹ್ನ ಮಸಿಮುಖದ ಫೈರ್‌ಮನ್ನೊಬ್ಬ ಬೇಕರಿಗೆ ನುಗ್ಗಿ
ಕೂಗಾಡಿದ, ಕೂಗಾಡುತ್ತಲೇ ಎರಡು ಬನ್ನು ತಿಂದ,
ದುಡ್ಡು ಕೊಡುವುದು ಮರೆತ.
ಕೊಡಲು ಮರುದಿನ ಬಂದ. ಅದರ ಮರುದಿನವೂ.

ರಾತ್ರಿ ಎರಡಕ್ಕೆ ಬರಿಗಾಲಲ್ಲಿ ಮೆಟ್ಟಿಲಿಳಿದು
ಎರಡು ಬೆರಳಲ್ಲಿ ಲಾರಿ ಎತ್ತಿ ಹಳಿಯಾಚೆ ಇಟ್ಟು ಬಂದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ಏನೂ ಅನ್ನಲಿಲ್ಲ.
ಬಟ್ಟೆ ಒಗೆಯಲು ಕೆಳಗೆ ಹೋದೆ.
ಗೇಟು ಕಿತ್ತುಹಾಕಿದ್ದ.
ಅಡುಗೆ ಸೋಡಾದ ಮೇಲೆ, ಹಳಿ ದಾಟಿ,
ಚಕ್ರದ ಎರಡು ಗೆರೆ, ಸ್ವಲ್ಪ ಸೊಟ್ಟ,
ಎಲ್ಲೂ ಬ್ರೇಕು ಒತ್ತಿದ ಗುರುತಿಲ್ಲ.