ಷರಾ

ಗೋಕುಲ ರೋಡಿನ ಎರಡನೇ ಮಹಡಿಯಲ್ಲಿ
ನನ್ನ ಕೆಲಸ ಗೆರೆ ಹೊಡೆಯುವುದು.
ಉದ್ದಕ್ಕೆ ಊರು, ಅಡ್ಡಕ್ಕೆ ವಾರ,
ಕೂಡಿದ ಚೌಕದಲ್ಲಿ ಒಬ್ಬ ಮನುಷ್ಯ, ಒಂದು ಬೈಕು,
ಇಷ್ಟು ಪಂಪು ಹೋಗಲೇಬೇಕು ಅನ್ನುವ ಅಂಕಿ.
ಹಸಿರು ಅಂದರೆ ಆರ್ಡರು ಬಂತು.
ಹಳದಿ ಅಂದರೆ "ನೋಡೂಣ್ರಿ."
ಕೆಂಪು ಅಂದರೆ ಅಂಗಡಿಯವರು ಫೋನು ಎತ್ತಲಿಲ್ಲ.
ಬಲಗಡೆ ತುದಿಗೆ, ಬೆರಳಗಲ, ಷರಾ.
ಪ್ರಿಂಟು ತೆಗೆದರೆ ಅದು ಹಾಳೆಯಾಚೆ ಉಳಿಯುತ್ತದೆ.
ಎಲ್ಲಿ ಹೋಯಿತೆಂದು ಯಾರೂ ಕೇಳಿಲ್ಲ.

ದಾವಲಸಾಬ ಮುಲ್ಲಾನವರ ಮಾತ್ರ
ನನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಅದರ ಬೆನ್ನ ಮೇಲೆ ಬರೆಯುತ್ತಾರೆ,
ಇಪ್ಪತ್ತಾರು ವರ್ಷದ ಗದಗ ಲೈನು:
"ಅಸುಂಡಿಯವರ ಅಂಗಡಿ, ಹನ್ನೊಂದರ ಒಳಗ ಹೋಗಬಾರದು,
ಬೋಣಿಗಿ ಆಗಿರೂದಿಲ್ಲ.
ರೋಣದಾಗ ಅಪ್ಪಗ ಕೇಳಬ್ಯಾಡ, ಮಗಳಿಗೆ ಕೇಳು,
ಲೆಕ್ಕಾ ಆಕಿ ಕಡೆ.
ಮುಂಡರಗಿ, ರೊಕ್ಕದ ಮಾತು ಚಾ ಆದ ಮ್ಯಾಲೆ.
ಲಕ್ಷ್ಮೇಶ್ವರ, ಚಾ ಬ್ಯಾಡ ಅಂದ್ರ ಸಿಟ್ಟ ಮಾಡತಾರ."

ಹೊಸ ಸಾಫ್ಟ್‌ವೇರು ಬಂದ ದಿನ
ಇದನ್ನೆಲ್ಲ ಎಲ್ಲಿ ತುಂಬಲಿ ಎಂದು ಹುಡುಕಿದೆ.
'ಗ್ರಾಹಕರ ಮನಃಸ್ಥಿತಿ' ಅಂತ ಒಂದು ಖಾನೆ ಇತ್ತು,
ತೆರೆದರೆ ಮೂರೇ ಆಯ್ಕೆ:
ಬಿಸಿ, ಉಗುರು ಬೆಚ್ಚಗೆ, ತಣ್ಣಗೆ.
"ಜಳಕದ ನೀರಿಗೆ ಆದೀತ್ರಿ," ಅಂದರು ದಾವಲಸಾಬ.

ಆಮೇಲೆ ಏಪ್ರಿಲ್ ಬಂತು, ಲಾಟ್ ನಂಬರ್ ಹದಿನೇಳು ಬಂತು.
ನಾನೂರ ಹನ್ನೆರಡು ಪಂಪು.
ಒಳಗಿನ ಸೀಲು ಹದಿನೈದು ದಿನಕ್ಕೇ ಬಾಯಿ ಬಿಡುತ್ತಿತ್ತು.
ಸಂಜೆ ಆರಕ್ಕೆ ಮೀಟಿಂಗು,
ಗಾಜಿನ ಕೋಣೆ, ಆರಿ ಹೋದ ಮಿರ್ಚಿ, ಗಿರ್ಮಿಟ್ಟು.
ಹೊಸ ಹಾಳೆ ತೆರೆದು ಖಾನೆ ಎಳೆದೆ:
ಯಾರಿಗೆ. ಏನು. ಯಾವಾಗ. ಯಾರ ಬಾಯಿಂದ.
ಸಾಹೇಬರು ಹೇಳಿದರು, ನಾನು ಟೈಪು ಮಾಡಿದೆ:
"ಕೆಲವು ಘಟಕಗಳಲ್ಲಿ ಗಮನಕ್ಕೆ ಬಂದಿರುವ
ತಾಂತ್ರಿಕ ವ್ಯತ್ಯಯದ ಹಿನ್ನೆಲೆಯಲ್ಲಿ..."
ವಕೀಲರು ಅದಕ್ಕೊಂದು 'ಸಂಭವನೀಯ' ಸೇರಿಸಿದರು.
ವಾಕ್ಯ ಮುಗಿಯುವ ಹೊತ್ತಿಗೆ
ಕೆಟ್ಟ ಪಂಪು ಯಾರು ಮಾಡಿದ್ದು ಅನ್ನುವುದೇ
ಅದರೊಳಗೆ ಉಳಿಯಲಿಲ್ಲ.

ದಾವಲಸಾಬ ಬಾಗಿಲಿಗೆ ಒರಗಿದ್ದರು,
ಹೆಲ್ಮೆಟ್ಟು ಇನ್ನೂ ಮೊಳಕೈಗೆ ನೇತಾಡುತ್ತಿತ್ತು.
"ಇದನ್ನ ಕೊಟ್ರಪ್ಪ ಅಸುಂಡಿಯವರ ಮುಂದ ನಿಂತು
ಓದಬೇಕಾದವ ನಾನ್ರಿ.
ತಪ್ಪ ನಮ್ಮದು, ಬದಲಿ ಪಂಪು ತರತೀವಿ ಅಂದ್ರ
ಬೈತಾರ. ಬೈದು, ಕುಂಡ್ರು ಅಂತಾರ.
ಇದನ್ನ ಓದಿದ್ರ ಬೈಯೂದಿಲ್ಲ.
ಬೈಯಲಾರದ ಗಿರಾಕಿ ತಿರುಗಿ ಬರೂದಿಲ್ಲ."

ಸಂಜೆಯ ವಿಮಾನ ಕಿಟಕಿ ನಡುಗಿಸಿ ಇಳಿಯಿತು.
ಸಾಹೇಬರು ಮೇಜಿನ ಮೇಲೆ ಪೆನ್ನು ಉರುಳಿಸುತ್ತ ಕೂತರು.

ಕಡೆಗೆ ಹೋದದ್ದು ಅದೇ ಪತ್ರ,
ಅದೇ ವ್ಯತ್ಯಯ, ಅದೇ ಸಂಭವನೀಯ.
ಆದರೆ 'ಯಾವಾಗ' ಅನ್ನುವ ಖಾನೆಯಲ್ಲಿ ನಾನು
ಪತ್ರಕ್ಕೆ ಮಧ್ಯಾಹ್ನ ಮೂರು ಅಂತ ಹಾಕಿ
ಬೈಕುಗಳಿಗೆ ಮುಂಜಾನೆ ಏಳು ಅಂತ ಹಾಕಿದೆ.
ಎಂಟು ತಾಸಿನ ಸಂದು.
ಸಹಿ ಮಾಡುವಾಗ ಸಾಹೇಬರ ಬೆರಳು
ಆ ಸಾಲಿನ ಮೇಲೆ ತುಸು ನಿಂತಿತು.
ಏನೂ ಅನ್ನಲಿಲ್ಲ.

ಮರುದಿನ ಹನ್ನೊಂದೂಮುಕ್ಕಾಲಿಗೆ ಗದಗದಿಂದ ಮೆಸೇಜು:
"ಬೈದ್ರು. ಭಾಳ ಬೈದ್ರು. ಊಟಕ್ಕ ಕುಂಡರಿಸ್ಯಾರ."
ಆ ಚೌಕಕ್ಕೆ ಹಚ್ಚುವ ಬಣ್ಣ ನನ್ನ ಹತ್ತಿರ ಇರಲಿಲ್ಲ.

ಈಗ ಹಾಳೆಯನ್ನು ಅಡ್ಡಡ್ಡ ತೆಗೆಯುತ್ತೇನೆ.
ಅಂಕಿ ಸಣ್ಣಗಾಗಿ ಚಾಳೀಸು ಬೇಕಾಗುತ್ತದೆ,
ಷರಾ ಮಾತ್ರ ಹಾಳೆಯೊಳಗೆ ಬರುತ್ತದೆ.

ರೋಣದ ಮಗಳು ಅವತ್ತೇ ಲೆಕ್ಕ ಚುಕ್ತಾ ಮಾಡಿದಳು,
ಪೈಸೆ ಸಹಿತ, ನಮಸ್ಕಾರ ಸಹಿತ.
ಅದು ಕೆಂಪು.
ಅದಕ್ಕೆ ಹುಡುಕಬೇಕಾಗಲಿಲ್ಲ.