ಅರ್ಥದ ಗುಂಡಿ

ಮೊದಲ ವಾರ ಅಡುಗೆಮನೆಯಿಂದ
ಕಿಡಕಿಯ ಸರಳು ದಾಟಿಸಿ ಎಳೆದಿದ್ದೆ ವಾಯರು.
ನೀಲವ್ವ ಮಿಕ್ಸರ್ ಹಚ್ಚಿದರೆ ಬೈಕಿಗೆ ಉಪವಾಸ,
ಬೈಕು ಉಣ್ಣುತ್ತಿದ್ದರೆ ಶೇಂಗಾ ಹಿಂಡಿ ಒರಳಿಗೆ.
ಆರನೆಯ ರಾತ್ರಿ ಪ್ಲಗ್ಗಿನ ಮೂಗು ಕರಗಿ
ಪ್ಲಾಸ್ಟಿಕ್ ಬಳೆ ಸುಟ್ಟ ವಾಸನೆ ಹಾಸಿಗೆಯ ತನಕ ಬಂತು.
"ಇದನ್ನ ಹೊರಗ ಇಡ್ರಿ, ಇಲ್ಲಂದ್ರ ನನ್ನ ಇಡ್ರಿ."

ಹೊರಗೆಂದರೆ ಮಗ್ಗದ ಶೆಡ್ಡು.
ಎರಡೂ ಮಗ್ಗ ಯುಗಾದಿಯ ಮುಂದೆ
ಕಿಲೋ ಲೆಕ್ಕದಲ್ಲಿ ಹೋದವು, ಮಹಾಲಿಂಗಪುರದ ಗುಜರಿಗೆ.
ನೆಲದಲ್ಲಿ ಉಳಿದದ್ದು ಎಂಟು ಬೋಲ್ಟಿನ ತೂತು,
ಎಣ್ಣೆ ಕುಡಿದು ಕಪ್ಪಾದ ಎರಡು ಚೌಕ.
ಎಡ ಚೌಕದ ಮೇಲೆ ನಿಲ್ಲಿಸಿದೆ ಬೈಕು.
ನೇಯುವವ ಈಗ ಹೊರುವವ: ಬೇರೆಯವರ ಸೀರೆಯ ಗಂಟು,
ತೇರದಾಳ, ಜಮಖಂಡಿ, ಮುಧೋಳ.
ಸಂಜೆಗೆ ಹನ್ನೊಂದು ಪರ್ಸೆಂಟು.

ರಾಜೇಸಾಬ ಬಂದ, ಕಿವಿಯ ಮೇಲೆ ಟೆಸ್ಟರು.
ಗೋಡೆಯ ಮೀಟರು ನೋಡಿದ, ನನ್ನನ್ನು ನೋಡಿದ.
"ಇದು ಮಗ್ಗದ ಮೀಟರಲ್ಲೇನು?"
"ಹೌದು. ಮೂರೂ ಫೇಸು ಜೀವಂತ ಅದಾವು."
"ಇರಲಿ. ಮಗ್ಗಕ್ಕ ಕೊಟ್ಟ ಅನ್ನ ಇದು.
ಗಾಡಿಗೆ ತಿನಿಸಿದ್ರ ಕಳುವು ಆಗತೈತಿ. ನಾ ಮುಟ್ಟೂದಿಲ್ಲ."
ನಾನು ಸುಮ್ಮನಾದೆ. ಆ ಆಸೆ ಒಂದು ವಾರದಿಂದ
ಬಾಯೊಳಗೆ ಹೊರಳುತ್ತಿತ್ತು, ಅಡಿಕೆ ಚೂರಿನಂತೆ.

ಮನೆಯ ಮೀಟರಿನಿಂದಲೇ ಎಳೆದ, ನಾಲ್ಕು ಸ್ಕ್ವೇರಿನ ತಂತಿ,
ನಡುಗೋಡೆಗೆ ತೂತು, ಹದಿನಾರು ಆಂಪಿನ ಸಾಕೆಟ್ಟು,
ಪುಟ್ಟ ಡಬ್ಬಿಯಲ್ಲಿ ತಪ್ಪು ಕಂಡರೆ ತಾನೇ ಬೀಳುವ ಸ್ವಿಚ್ಚು.
ಎಲ್ಲ ಮುಗಿಸಿ, ಬಲ್ಬು ಹಿಡಿದು ನೋಡಿ, ಲೊಚಗುಟ್ಟಿದ:
"ಮಾಲಕ್ರ, ನಿಮ್ಮ ಮನಿಗೆ ಅರ್ಥಾನ ಇಲ್ಲಲ್ರಿ."
ಒಳಗಿನಿಂದ ನೀಲವ್ವ:
"ಅದು ನನಗ ಮದಲ ಗೊತ್ತು."

ಶೆಡ್ಡಿನ ಮೂಲೆಯಲ್ಲಿ ಹಾರೆ ಹಾಕಿದೆ.
ಓಣಿಯೆಲ್ಲ ಗರಸು ನೆಲ; ಇಲ್ಲಿ ಮಾತ್ರ ಹಾರೆ
ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.
ಎರಡು ಅಡಿಗೆ ಹಂಚಿನ ಚೂರು, ಬೂದಿ,
ಗೆದ್ದಲು ತಿಂದು ಬಿಟ್ಟ ಅರ್ಧ ಲಾಳಿ.
ಆಗ ಹೊಳೆಯಿತು: ಇದು ಮುತ್ಯಾನ ಕುಣಿ.
ಪವರ್‌ಲೂಮು ಬರುವ ಮೊದಲು
ಕಾಲು ಇಳಿಬಿಟ್ಟು ಅವನು ಕೂತ ಮಗ್ಗದ ಕುಣಿ.
ನಾನು ಅವನ ಮುಖ ಕಂಡವನಲ್ಲ.
ಅವನ ಪಾದ ಇದ್ದಲ್ಲಿ ನಿಂತು
ಇದ್ದಿಲು ಸುರಿದೆ, ಉಪ್ಪು ಸುರಿದೆ, ಮತ್ತೆ ಇದ್ದಿಲು,
ನಡುವೆ ತಾಮ್ರದ ಸಳಿ ನೆಟ್ಟಗೆ ನಿಲ್ಲಿಸಿ.

"ದಾರಿ ತಪ್ಪಿದ ಕರೆಂಟು ಇಲ್ಲಿ ಇಳೀತೈತಿ,
ಮೈಯಾಗ ಹಾಯೂದಿಲ್ಲ. ಎಂಟು ದಿನಕ್ಕೊಮ್ಮೆ
ಒಂದು ಕೊಡ ನೀರು ಹಾಕ್ರಿ.
ಒಣಗಿದ್ರ ಭೂಮಿ ಇಸಗೊಳ್ಳೂದಿಲ್ಲ."
ಲಾಳಿಯನ್ನೂ ಒಳಗೆ ಹಾಕಲೋ ಎಂದು ಹಿಡಿದು ನಿಂತಿದ್ದೆ.
"ಕಟಗಿ ಬ್ಯಾಡ್ರಿ," ಅಂದ, ಕೈ ಒರೆಸಿಕೊಳ್ಳುತ್ತ.

ರಾತ್ರಿ ಹನ್ನೊಂದಕ್ಕೆ ಎದ್ದು ಬಂದೆ.
ಬನಹಟ್ಟಿಯ ಆಚೆ ಓಣಿಯಲ್ಲಿ ಯಾರದೋ ಮಗ್ಗ ಇನ್ನೂ ಖಟ್ ಖಟ್.
ನಮ್ಮಲ್ಲಿ ಹಸಿರು ದೀಪ, ಚಾರ್ಜರಿನ ಸಣ್ಣ ಉಸಿರು,
ಬೋಲ್ಟಿನ ತೂತಿನ ಮೇಲೆ ಮುಂದಿನ ಗಾಲಿ.
ನನಗಿಂತ ಮೊದಲೇ ನೀಲವ್ವ, ಸೊಂಟದಲ್ಲಿ ಕೊಡ.
ಎಂಟು ದಿನ ಎಲ್ಲಿ, ಎಂಟು ತಾಸೂ ಆಗಿರಲಿಲ್ಲ.
ಸುರಿದಳು. ಗುಂಡಿ ಗಟಗಟ ಕುಡಿಯಿತು.
"ಎಷ್ಟ ಆಗೇತಿ?"
"ಅರವತ್ತೆರಡು."
"ಲಾಳಿ ಎಲ್ಲಿಟ್ರಿ?"
"ಸೀಟಿನ ಕೆಳಗ, ಪಾನಾದ ಜೋಡಿ."