ಅರ್ಧ ಸ್ವರ

ಜೆಪ್ಪುವಿನ ಆ ಮನೆಗೆ ವರ್ಷಕ್ಕೆರಡು ಸಲ ಹೋಗುವುದಿತ್ತು,
ಆಟಿ ಕಳೆದ ಮೇಲೊಮ್ಮೆ, ಕ್ರಿಸ್ಮಸ್ಸಿಗೆ ಮುಂಚೆ ಒಮ್ಮೆ.
ಕಡಲ ಗಾಳಿಗೆ ಪಿಯಾನೊ ಹಪ್ಪಳದ ಹಾಗೆ,
ತೆರೆದಿಟ್ಟರೆ ಮೆತ್ತಗಾಗುತ್ತದೆ.
ಹಾರ್ಮೋನಿಯಂ ರಿಪೇರಿಯ ನನಗೆ
ಅದರ ಹೊಟ್ಟೆ ಬಿಚ್ಚುವ ಧೈರ್ಯ ಕೊಟ್ಟವರು ಕ್ಲೊಟಿಲ್ಡಾ ಬಾಯಿ:
"ದೂಮಪ್ಪಾ, ಕಿವಿ ಉಂಟಲ್ಲ ನಿನಗೆ? ಉಳಿದದ್ದು ಸ್ಪಾನರ್."

ಗೋಡೆಯಲ್ಲೊಂದು ಫೋಟೊ. ಬೊಂಬಾಯಿ.
ಬಾಡಿಗೆಯ ಗೌನು, ಬೆನ್ನಿಗೆ ಆರು ಸೇಫ್ಟಿ ಪಿನ್ನು.
ಪಿನ್ನು ಕಾಣುವುದಿಲ್ಲ, ಅವರೇ ಹೇಳಿದ್ದು.
ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲಿ ಹಾಡಿ
ಮೂರು ರಾತ್ರಿ ಮುಂದೆ ಬಂದರು,
ನಾಯಕಿಗೆ ಗಂಟಲು ಕಟ್ಟಿದಾಗ.
ನಾಲ್ಕನೆಯ ದಿನ ಆಕೆಯ ಗಂಟಲು ಬಿಟ್ಟಿತು.
"ಅಷ್ಟೇ ಮಾರಾಯ ನನ್ನ ಚರಿತ್ರೆ" ಎಂದು ನಕ್ಕರೆ
ಆ ನಗುವೂ ಮೇಲಿನ ಷಡ್ಜದಲ್ಲಿ.

ಆಮೇಲೆ ಇಲ್ಲಿ ಮೂವತ್ತು ವರ್ಷ ಪಾಠ.
ಹಲ್ಲಿನ ಡಾಕ್ಟರ ಮಗಳು, ಬಂದರಿನ ಬ್ಯಾರಿಯ ಮೊಮ್ಮಗ, ಸೆಮಿನರಿಯ ಹುಡುಗರು,
ಯಾರೇ ಇರಲಿ, ನೆಲದಲ್ಲಿ ಮಲಗಿಸಿ
ಹೊಟ್ಟೆಯ ಮೇಲೊಂದು ಹೆಂಚು:
"ಹೆಂಚು ಏಳಬೇಕು, ಭುಜ ಏಳಬಾರದು."

ಒಂದು ವರ್ಷ ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳಿದರು:
"ಇಡೀ ಪಿಯಾನೊವನ್ನು ಅರ್ಧ ಸ್ವರ ಇಳಿಸುತ್ತೀಯಾ?"
ಯಾಕೆಂದು ಕೇಳಲಿಲ್ಲ.
ಇನ್ನೂರು ಚಿಲ್ಲರೆ ತಂತಿ, ಎರಡು ಹಗಲು.
ಅದೇ ಬಿಳಿಮನೆ ಒತ್ತಿ
ಅದೇ ಎತ್ತರ ಮುಟ್ಟಿದರು.
ನಾನು ಸ್ಕ್ರೂಗಳನ್ನು ಎಣಿಸುತ್ತಿದ್ದೆ.

ಏಳು ತಿಂಗಳು ಬಾಳಿತು ಅದು.
ಹೊಯ್ಗೆಬಜಾರಿನ ಸುಗಂಧಿ, ಒಂಬತ್ತು ವರ್ಷ,
ತಾಯಿ ದಕ್ಕೆಯಲ್ಲಿ ಬಂಗುಡೆ ಏಲಂ ಕೂಗುವವಳು,
ಮೊದಲ ದಿನವೇ ಕೇಳಿದಳಂತೆ:
"ಟೀಚರ್, ನಿಮ್ಮ ಪಿಯಾನೊಗೆ ಶೀತವಾ?
ಶಾಲೆಯದ್ದು ಹೀಗೆ ಇಲ್ಲ."

ಮರುದಿನ ಬೆಳಗ್ಗೆ ಫೋನು:
"ಎತ್ತು ದೂಮಪ್ಪಾ. ಕಿವಿ ಇರುವವಳು ಬಂದಳು."

ಇಳಿಸಿದಷ್ಟು ಸುಲಭವಲ್ಲ ಎತ್ತುವುದು.
ಹಳೆಯ ತಂತಿ, ದಿನಕ್ಕೆ ಒಂದು ಕೂದಲೆಳೆ.
ಒಂದು ತುಂಡಾಗಿ ನನ್ನ ಮಣಿಕಟ್ಟಿಗೆ ಬಡಿಯಿತು;
ಅವರೇ ಬಟ್ಟೆ ಸುತ್ತಿದರು, ಬೈಯುತ್ತಾ, ಕೊಂಕಣಿಯಲ್ಲಿ,
ನನಗೋ ತಂತಿಗೋ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಬಾಯಿ ಹಾಡಿ ತೋರಿಸಲಿಲ್ಲ.
ಸೂರಿನಾಚೆ ಯಾವುದೋ ಹಕ್ಕಿ ಕೂತಂತೆ
ಕೈಯೆತ್ತಿ ತೋರಿಸುತ್ತಿದ್ದರು,
ಸುಗಂಧಿ ಅಲ್ಲಿಗೆ ಹೋಗುತ್ತಿದ್ದಳು.

ಇಳಿಸಿದ್ದಕ್ಕೆ ನಾನು ಮಜೂರಿ ತೆಗೆದುಕೊಂಡಿರಲಿಲ್ಲ.
ಎತ್ತಿದ್ದಕ್ಕೆ ಎಣಿಸಿ ಕೊಟ್ಟರು, ರಶೀದಿ ಕೇಳಿದರು.
ಏನೆಂದು ಬರೆಯಲಿ?
ಕನ್ನಡಕ ಒರೆಸುತ್ತಾ ಹೇಳಿದರು:
"ರಿಪೇರಿ ಅಂತ ಬರಿ."